ಧಾತು ಯಾರ ಸೊತ್ತು?

ಒಬ್ಬರು ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಅವರ ಕೈಯಲ್ಲೇ ವ್ಯಾಕರಣ ಕಲಿತು ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯೆಯಾಗಿರುವವರು. ಹೊರರೋಗಿಗಳಿಗೆ ಹಂಚಲು ಅವರೊಂದು ಕರಪತ್ರ ಬರೆದಿದ್ದರು. ಭಾಷೆ ತಿದ್ದಿಸಿಕೊಳ್ಳಲು ಮೇಷ್ಟ್ರ ಮನೆಗೆ ಬಂದಾಗ ತಿದ್ದುವ ಕೆಲಸ ಒಂದು ಪದದ ಹತ್ತಿರ ನಿಂತುಹೋಯಿತು. ಆ ಪದ ಎಷ್ಟು ಶಾಸ್ತ್ರಗಳಲ್ಲಿ ಓಡಾಡಿದೆ, ಎಲ್ಲೆಲ್ಲಿ ಏನೇನಾಗಿದೆ ಎಂಬ ಅವರ ಮಾತುಕತೆಯನ್ನು ಆದಷ್ಟು ಅವರವರ ಧಾಟಿಯಲ್ಲೇ ಕೊಡುತ್ತಿದ್ದೇನೆ.

ಮೇಷ್ಟ್ರು: ಇಲ್ಲಿ ‘ಧಾತು’ ಅಂತ ಬರೆದು ಹೊಡೆದುಹಾಕಿದ್ದೀಯಲ್ಲಮ್ಮ. ಕೆಳಗೂ ಹೊಡೆದಿದ್ದೀಯ. ಯಾಕೆ?

ವೈದ್ಯೆ: ಆ ಪದ ನನ್ನ ಕರಪತ್ರದಲ್ಲಿ ಇರಬಾರದು ಸರ್. ಬಸ್ ಸ್ಟ್ಯಾಂಡ್ ಹಿಂದಿನ ಗೋಡೆ ನೋಡಿದ್ದೀರಲ್ಲ, ‘ಧಾತು ನಷ್ಟ, ನರ ದೌರ್ಬಲ್ಯ, ಗ್ಯಾರಂಟಿ ಚಿಕಿತ್ಸೆ’ ಅಂತ ಬರೆದಿರುತ್ತೆ. ಅದನ್ನ ಓದಿದ ಹುಡುಗರು ವರ್ಷಗಟ್ಟಲೆ ಹೆದರಿ, ದುಡ್ಡು ಕಳ್ಕೊಂಡು, ಕೊನೆಗೆ ನನ್ನ ಹತ್ತಿರ ಬರ್ತಾರೆ.

ಮೇಷ್ಟ್ರು: ಗೋಡೆ ಬರೆದವನ ತಪ್ಪಿಗೆ ಪದಕ್ಕೆ ಶಿಕ್ಷೆಯೇ? ಕ್ರಿಯಾಪದದ ಮೂಲರೂಪ ಧಾತು ಅಂತ ನಾನು ಎಷ್ಟು ತರಗತಿಗಳಿಗೆ ಕಲಿಸಿದ್ದೇನೆ. ನಿನಗೂ ಕಲಿಸಿದ್ದೆ.

ವೈದ್ಯೆ: ಕಲಿಸಿದ್ರಿ. ‘ಮಾಡುತ್ತಾನೆ’ಯಲ್ಲಿ ಮಾಡು, ‘ತಿಂದಳು’ ಅನ್ನೋದ್ರಲ್ಲಿ ತಿನ್ನು. ನೀವು ಧಾತು ಅಂದಾಗ ಹಿಂದಿನ ಬೆಂಚಿನ ಹುಡುಗರು ಮುಸಿಮುಸಿ ನಗ್ತಿದ್ರು, ನೆನಪಿದೆಯಾ? ಯಾಕೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಮೇಷ್ಟ್ರು: ನನಗೆ ಗೊತ್ತಿತ್ತು. ಅವರ ನಗುವಿಗೆ ಹೆದರಿ ಪದ ಬಿಡಲಿಲ್ಲ. ಕನ್ನಡದಲ್ಲಿ ಧಾತು ಎಷ್ಟು ಸೊಗಸಾದದ್ದು ಅಂತ ನೋಡು. ಪಾಣಿನೀಯ ಧಾತುಪಾಠದಲ್ಲಿ ಹತ್ತು ಗಣಗಳಾಗಿ ಸುಮಾರು ಎರಡು ಸಾವಿರ ಧಾತುಗಳಿವೆ. ಆದರೆ ‘ಗಮ್’ ಅಂತ ಬರಿದಾಗಿ ಯಾರೂ ಆಡುವುದಿಲ್ಲ, ‘ಗಚ್ಛತಿ’ ಆಗಿಯೇ ಅದು ಬಾಯಿಗೆ ಬರಬೇಕು. ನಮ್ಮಲ್ಲಿ ತಾಯಿ ಮಗುವಿಗೆ ‘ತಿನ್ನು’ ಅಂದರೆ ಅವಳು ಆಡಿದ್ದೇ ಧಾತು. ಓಡು, ನಿಲ್ಲು, ಹಾಡು, ಕೊಡು, ಎಲ್ಲ ಹಾಗೇ. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಧಾತುವಿಗೇ ಒಂದು ಪ್ರಕರಣ ಮೀಸಲಿಟ್ಟ.

ವೈದ್ಯೆ: ‘ಬಾ’ ಅಂದಾಗ? ಧಾತು ‘ಬರು’ ಅಲ್ವಾ?

ಮೇಷ್ಟ್ರು: ಬಾ, ತಾ ಇಂಥ ಕೆಲವು ಬೇರೆ ನಿಲ್ಲುತ್ತವೆ. ಒಳ್ಳೆಯ ಪ್ರಶ್ನೆ, ಆಗ ಕೇಳಿರಲಿಲ್ಲ ನೀನು. ‘ಧಾತು’ ಎಂಬ ಪದದೊಳಗೂ ಒಂದು ಧಾತುವಿದೆ. ‘ಧಾ’, ಇಡು, ಧರಿಸು, ಹೊರು ಅಂತ ಅದರ ಅರ್ಥ. ವೈಯಾಕರಣನಿಗೆ ಮಾತನ್ನು ಹೊತ್ತದ್ದು ಧಾತು, ವೈದ್ಯನಿಗೆ ದೇಹವನ್ನು ಹೊತ್ತದ್ದು ಧಾತು, ಗಣಿಯವನಿಗೆ ಬೆಟ್ಟ ಹೊತ್ತದ್ದು ಧಾತು. ಬೇರೆ ಬೇರೆ ಶಾಸ್ತ್ರಗಳಿಗೆ ಹೋಗಿಯೂ ಪದ ಒಂದೇ ಕೆಲಸ ಮಾಡಿದೆ.

ವೈದ್ಯೆ: ಕೊನೆಯದರಲ್ಲಿ ತಿರುವುಮುರುವು ಆಯ್ತು ನೋಡಿ. ದೇಹವನ್ನ ಧಾತು ಹೊತ್ತಿದೆ, ಆದ್ರೆ ಗಣಿಯಲ್ಲಿ ಧಾತುವನ್ನ ಬೆಟ್ಟ ಹೊತ್ತಿದೆ. ಯಾವುದು ಯಾವುದನ್ನ ಹೊರುತ್ತೆ ಅನ್ನೋದನ್ನ ನಿಮಗೆ ಬೇಕಾದ ಹಾಗೆ ಬದಲಾಯಿಸಿಬಿಟ್ರಿ.

ಮೇಷ್ಟ್ರು: ಸರಿಯಾಗಿ ಹಿಡಿದೆ. ಗಣಿಗೆ ಆಮೇಲೆ ಬರುತ್ತೇನೆ. ಮೊದಲು ವೈದ್ಯಕ್ಕೇ ಬಾ. ಆಯುರ್ವೇದದಲ್ಲಿ ಧಾತು ಏಳು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ. ಗೋಡೆಯ ಮೇಲೆ ಬರೆದವನು ಆರನ್ನು ಅಳಿಸಿ, ಏಳನೆಯದೊಂದಕ್ಕೇ ಆ ಹೆಸರು ಕಟ್ಟಿದ್ದಾನೆ. ನೀನು ಆ ಆರನ್ನು ವಾಪಸು ಬರೆ. ರಕ್ತವೂ ಧಾತು, ಮೂಳೆಯೂ ಧಾತು, ನಿನ್ನಲ್ಲಿ ಎಲ್ಲವೂ ನೆಟ್ಟಗಿದೆ ಅಂತ ಹೇಳು. ಪದ ತನ್ನ ಪೂರ್ತಿ ಅಳತೆಗೆ ಬಂದರೆ ಹೆದರಿಕೆ ತಾನಾಗಿ ಸಣ್ಣದಾಗುತ್ತದೆ.

ವೈದ್ಯೆ: ಆಗಲ್ಲ ಸರ್. ಹೇಳಿ ನೋಡಿದ್ದೀನಿ. ಆ ಏಳು ಅಕ್ಕಪಕ್ಕ ಸುಮ್ಮನೆ ಕೂತಿಲ್ಲ, ಒಂದರಿಂದ ಒಂದು ಹುಟ್ಟುತ್ತೆ. ಊಟ ರಸ ಆಗುತ್ತೆ, ರಸ ರಕ್ತ ಆಗುತ್ತೆ, ರಕ್ತ ಮಾಂಸ ಆಗುತ್ತೆ. ರಸ ಶುಕ್ರ ಆಗೋಕೆ ಒಂದು ತಿಂಗಳು ಬೇಕು ಅಂತ ಸುಶ್ರುತ ಹೇಳ್ತಾನೆ. ಅಂದ್ರೆ ಕೊನೆಯದು ಹಿಂದಿನ ಆರರ ಸಾರ. ನಾನು ಏಳನ್ನೂ ವಿವರಿಸಿದ್ರೆ ಹುಡುಗ ಏನು ಲೆಕ್ಕ ಹಾಕ್ತಾನೆ ಗೊತ್ತಾ? ಒಂದು ರಾತ್ರಿಗೆ ನನ್ನ ಒಂದು ತಿಂಗಳ ಊಟ ಹೋಯ್ತು ಅಂತ. ನೀವು ಸಣ್ಣದಾಗುತ್ತೆ ಅಂದ ಹೆದರಿಕೆಗೆ ಶಾಸ್ತ್ರವೇ ಲೆಕ್ಕ ಒದಗಿಸಿದ ಹಾಗಾಗುತ್ತೆ.

ಮೇಷ್ಟ್ರು: ಅಂಥ ಹುಡುಗ ಬಂದಾಗ ಏನಂತಾನೆ?

ವೈದ್ಯೆ: ಮೊದಲು ಸುಸ್ತು ಅಂತಾನೆ. ಕಾಲು ಸೆಳೆತ, ನಿದ್ದೆ ಇಲ್ಲ, ಓದಿದ್ದು ತಲೆಗೆ ಹತ್ತಲ್ಲ. ಜೊತೆಗೆ ಬಂದ ಅಣ್ಣನೋ ಸ್ನೇಹಿತನೋ ಹೊರಗೆ ಹೋದ ಮೇಲೆ ನೆಲ ನೋಡ್ಕೊಂಡು, ‘ಮೇಡಂ, ಮೂತ್ರದಲ್ಲಿ ಧಾತು ಹೋಗ್ತಿದೆ’ ಅಂತಾನೆ. ಒಬ್ಬ ಕೆಮ್ಮಿನ ಔಷಧಿಯ ಬಾಟಲಿ ತೊಳೆದು ಅದರಲ್ಲಿ ಹಿಡಿದು ತಂದಿದ್ದ. ಕಿಟಕಿಯ ಬೆಳಕಿಗೆ ಎತ್ತಿ ತೋರಿಸಿದ, ತಳದಲ್ಲಿ ಬಿಳಿ ಮಬ್ಬು. ಲ್ಯಾಬಿಗೆ ಕಳಿಸಿದ್ರೆ ಫಾಸ್ಫೇಟ್ ಹರಳು. ಆರೋಗ್ಯವಾಗಿರೋರ ಮೂತ್ರದಲ್ಲೂ ಬರುತ್ತೆ ಅದು. ಆದ್ರೆ ಆ ಬಾಟಲಿ ನೋಡಿ ನೋಡಿ ಅವನು ಕಾಲೇಜು ಬಿಟ್ಟಿದ್ದ. 1960ರಲ್ಲಿ ಎನ್. ಎನ್. ವಿಗ್ ಅನ್ನೋ ನಮ್ಮ ದೇಶದ ಮನೋವೈದ್ಯರು ಇದಕ್ಕೆ ‘ಧಾತ್ ಸಿಂಡ್ರೋಮ್’ ಅಂತ ಹೆಸರಿಟ್ರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲೂ ಆ ಹೆಸರಿದೆ. ನಿಮ್ಮ ಧಾತು ಈಗ ಇನ್ನೊಂದು ಶಾಸ್ತ್ರಕ್ಕೂ ಸೇರಿದೆ, ರೋಗದ ಹೆಸರಾಗಿ.

ಮೇಷ್ಟ್ರು: ಒಂದು ಕೇಳುತ್ತೇನೆ, ನೇರವಾಗಿ ಹೇಳು. ಧಾತು ಎಂಬ ಪದವೇ ಇಲ್ಲದ ದೇಶಗಳಲ್ಲಿ ಈ ಭಯ ಇರಲಿಲ್ಲವೇ?

ವೈದ್ಯೆ: ಇತ್ತು. 1760ರಲ್ಲಿ ತಿಸ್ಸೊ ಅನ್ನೋ ಸ್ವಿಸ್ ವೈದ್ಯ ಫ್ರೆಂಚಿನಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದ. ವೀರ್ಯ ಕಳ್ಕೊಂಡ್ರೆ ನರ, ದೃಷ್ಟಿ, ನೆನಪು ಎಲ್ಲ ಕೆಡುತ್ತೆ ಅಂತ. ಅವನ ನಂತರವೂ ಬಹಳ ಕಾಲ ಯುರೋಪಿನ ವೈದ್ಯರು ಅದನ್ನೇ ಹೇಳ್ತಿದ್ರು.

ಮೇಷ್ಟ್ರು: ಹಾಗಾದರೆ ಪದದ ಮೇಲೆ ಆರೋಪ ನಿಲ್ಲುವುದಿಲ್ಲ.

ವೈದ್ಯೆ: ಭಯ ಹುಟ್ಟಿದ್ದು ಪದದಿಂದಲ್ಲ, ಒಪ್ತೀನಿ. ಆದ್ರೆ ನಮ್ಮಲ್ಲಿ ಆ ಭಯಕ್ಕೆ ತೂಕ ಬಂದಿದ್ದು ಪದದಿಂದ. ‘ಧಾತು’ ಅಂದ ಕೂಡಲೇ ಹಿಂದಿನವರು ಹೇಳಿದ್ದಾರೆ, ಶಾಸ್ತ್ರದಲ್ಲಿದೆ ಅನ್ನಿಸಿಬಿಡುತ್ತೆ. ಗೋಡೆಯವನು ಮಾರ್ತಿರೋದು ಪುಡಿಯನ್ನಲ್ಲ ಸರ್, ಆ ತೂಕವನ್ನ.

ಈ ಮಾತಿಗೆ ಮೇಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ಪದಗಳ ತೂಕ ಮಕ್ಕಳಿಗೆ ತಿಳಿಯಲಿ ಎಂದೇ ದುಡಿದವರು ಅವರು. ಅದೇ ತೂಕ ಯಾವುದೋ ಬಡ ಮನೆಯ ದುಡ್ಡನ್ನೂ ನಿದ್ದೆಯನ್ನೂ ನುಂಗುತ್ತಿದೆ ಎಂದು ಕೇಳುವುದು ಸುಲಭವಲ್ಲ. ಈ ಜಾಗದಲ್ಲಿ ನನಗೆ ವೈದ್ಯೆಯ ಮಾತೇ ಹೆಚ್ಚು ಸರಿ ಎನಿಸಿತು. ಆದರೆ ಮೇಷ್ಟ್ರು ಗಣಿಯ ಮಾತನ್ನು ಮರೆತಿರಲಿಲ್ಲ.

ಮೇಷ್ಟ್ರು: ಸಂಡೂರಿನ ಬೆಟ್ಟ ನೋಡಿದ್ದೀಯಲ್ಲ. ಮಳೆ ಬಂದರೆ ಹಳ್ಳ ಕೆಂಪಾಗಿ ಹರಿಯುತ್ತದೆ. ಅಂಥ ಕೆಂಪು ಕಲ್ಲು, ಕಾವಿಮಣ್ಣು, ಹಳೆಯ ಮಾತಿನಲ್ಲಿ ಇವೆಲ್ಲ ಧಾತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಗಳ ಅಧ್ಯಕ್ಷನಾದವನಿಗೆ ಧಾತುಶಾಸ್ತ್ರ ತಿಳಿದಿರಬೇಕು ಎಂದಿದೆ. ಅದಿರನ್ನು ಬಣ್ಣ, ವಾಸನೆ, ತೂಕ ನೋಡಿ ಗುರುತಿಸುವ ಬಗೆಯೂ ಅಲ್ಲಿದೆ. ಮೇಘದೂತದ ಯಕ್ಷ ಬಂಡೆಯ ಮೇಲೆ ಹೆಂಡತಿಯ ಚಿತ್ರ ಬರೆಯುವುದು ಧಾತುವಿನ ಬಣ್ಣದಲ್ಲಿ. ಅದೇ ಕಲ್ಲನ್ನು ಅರೆದರೆ ಬಣ್ಣ, ಕುಲುಮೆಗೆ ಹಾಕಿದರೆ ಕಬ್ಬಿಣ. ಮುಂದೆ ಏನೇನೋ ಆಗಬಲ್ಲ ಮೂಲವಸ್ತು. ಬೆಟ್ಟ ಅದನ್ನು ಹೊತ್ತಿದೆ ಎಂದೆಯಲ್ಲ, ಅದು ತನ್ನೊಳಗೆ ಬಣ್ಣವನ್ನೂ ಕಬ್ಬಿಣವನ್ನೂ ಹೊತ್ತಿದೆ.

ವೈದ್ಯೆ: ಆ ಕೆಂಪು ಕಬ್ಬಿಣದ ಆಕ್ಸೈಡ್ ಸರ್. ರಕ್ತ ಕೆಂಪಾಗಿರೋದೂ ಹಿಮೋಗ್ಲೋಬಿನ್‌ನಿಂದ, ಅದರ ನಡುವೆ ಇರೋದೂ ಕಬ್ಬಿಣವೇ. ಹೆಮಟೈಟ್ ಅನ್ನೋ ಅದಿರಿನ ಹೆಸರು ಗ್ರೀಕರು ರಕ್ತಕ್ಕೆ ಹೇಳೋ ಪದದಿಂದ ಬಂದಿದ್ದು.

ಮೇಷ್ಟ್ರು: ಇದನ್ನು ಇಷ್ಟು ಹೊತ್ತು ಯಾಕೆ ಹೇಳಲಿಲ್ಲ! ಬೆಟ್ಟದ ಧಾತು, ದೇಹದ ಧಾತು ಒಂದೇ ಅಂತಾಯಿತಲ್ಲ.

ವೈದ್ಯೆ: ಇಲ್ಲೇ ನನಗೆ ದಿಗಿಲಾಗೋದು. ಅದು ಕಾಕತಾಳೀಯ. ಹಿಂದಿನವರು ಕೊಬ್ಬಿಗೂ ಮೂಳೆಗೂ ಧಾತು ಅಂದ್ರು, ಹರಿತಾಳ, ಮನಃಶಿಲೆಗೂ ಧಾತು ಅಂದ್ರು. ಆ ಎರಡರಲ್ಲೂ ಇರೋದು ಆರ್ಸೆನಿಕ್. ಹೆಸರು ಒಂದು ಅಂತ ವಸ್ತು ಒಂದು ಅಂದ್ಕೊಂಡ್ರೆ ವಿಷವನ್ನೂ ಮೈಗೆ ಸೇರಿಸ್ಕೋಬೇಕಾಗುತ್ತೆ.

ಮೇಷ್ಟ್ರು: ಚರಕ ಪಾಂಡುರೋಗಕ್ಕೆ ಕಬ್ಬಿಣ ಸೇರಿದ ಮದ್ದು ಹೇಳುತ್ತಾನಲ್ಲ?

ವೈದ್ಯೆ: ಹೇಳ್ತಾನೆ. ರಕ್ತಹೀನತೆ ಇರೋರಿಗೆ ನಾನೂ ಕಬ್ಬಿಣದ ಮಾತ್ರೆ ಬರೀತೀನಿ. ಆ ಕಾಲದ ವೈದ್ಯರೆಲ್ಲ ಬಿಳಿಚಿದ ಕಣ್ಣು, ಉಗುರು ನೋಡಿ, ಮದ್ದು ಕೊಟ್ಟು, ಯಾವುದು ಹಿಡೀತು ಅಂತ ತಲೆಮಾರುಗಟ್ಟಲೆ ಗಮನಿಸಿ ಕಂಡ್ಕೊಂಡಿದ್ದು ಅದು. ಆ ದುಡಿಮೆಯ ಯಶಸ್ಸನ್ನ ನಿಘಂಟಿಗೆ ಕೊಡಬೇಡಿ.

ಮೇಷ್ಟ್ರು: ಕೊಡುವುದಿಲ್ಲ. ಆದರೆ ಒಂದು ಪದಕ್ಕೆ ಹಲವು ಅರ್ಥವಿದ್ದರೆ ಜನ ದಾರಿ ತಪ್ಪುತ್ತಾರೆ ಎಂಬ ನಿನ್ನ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಲೋಹ, ಅಲೋಹ ಅಂತಿದೆ. ಹಿಂದಿಯವರ ಪುಸ್ತಕದಲ್ಲಿ ಅದೇ ಧಾತು, ಅಧಾತು. ಅಲ್ಲಿನ ಮಗು ವಿಜ್ಞಾನದಲ್ಲೂ ಧಾತು ಓದುತ್ತದೆ, ವ್ಯಾಕರಣದಲ್ಲೂ ಧಾತು ಓದುತ್ತದೆ. ತಾಮ್ರವನ್ನು ಕ್ರಿಯಾಪದ ಅಂದುಕೊಳ್ಳುವುದಿಲ್ಲ.

ವೈದ್ಯೆ: ಎರಡಕ್ಕೂ ಬೇರೆ ಬೇರೆ ಪಿರಿಯಡ್ ಇದೆಯಲ್ಲ. ನಮ್ಮಲ್ಲೂ ಅಂಥವು ಬೇಕಾದಷ್ಟಿವೆ. ಡೆಂಗಿ ಬಂದವರಲ್ಲಿ ರಕ್ತನಾಳದಿಂದ ಪ್ಲಾಸ್ಮಾ ಸೋರುತ್ತೆ ಅಂತ ನಾವು ಕಾಯ್ತಾ ಕೂತಿರ್ತೀವಿ. ರಕ್ತದ ಆ ಭಾಗಕ್ಕೆ ಇದ್ದ ಹೆಸರನ್ನೇ 1928ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅಯಾನುಗಳಾಗಿ ಒಡೆದ ಅನಿಲಕ್ಕೂ ಇಟ್ರು. ಸೂರ್ಯ ಆಗಿರೋದು ಆ ಪ್ಲಾಸ್ಮಾದಿಂದ. ಯಾರಿಗೂ ತೊಂದರೆ ಆಗಿಲ್ಲ, ಯಾಕಂದ್ರೆ ಇದನ್ನ ಆಡೋರು, ಅದನ್ನ ಆಡೋರು ಬೇರೆ ಬೇರೆ ಕಟ್ಟಡದಲ್ಲಿದ್ದಾರೆ. ಧಾತು ಹಾಗಲ್ಲ. ಗ್ರಂಥದಿಂದ ಬೀದಿಗೆ ಬಂದಿದೆ, ಬೀದಿಯಿಂದ ಆ ಹುಡುಗನ ಬಾಟಲಿಗೆ.

ಮೇಷ್ಟ್ರು: ಸಂಗೀತಕ್ಕೆ ಬಾ. ಅಲ್ಲಿ ಯಾರಿಗೂ ನೋವಾಗಿಲ್ಲ. ಹಾಡಿನ ಸಾಹಿತ್ಯಕ್ಕೆ ಮಾತು ಅಂತಲೂ ಸ್ವರಭಾಗಕ್ಕೆ ಧಾತು ಅಂತಲೂ ಹೆಸರು. ಎರಡನ್ನೂ ತಾನೇ ಕಟ್ಟಬಲ್ಲವನು ವಾಗ್ಗೇಯಕಾರ. ಸಂಗೀತರತ್ನಾಕರದಲ್ಲಿ ಪ್ರಬಂಧದ ಭಾಗಗಳಾದ ಉದ್ಗ್ರಾಹ, ಮೇಲಾಪಕ, ಧ್ರುವ, ಆಭೋಗ, ಇವನ್ನೂ ಧಾತು ಅಂತಲೇ ಕರೆಯುತ್ತಾರೆ. ಹಾಡನ್ನು ಹೊತ್ತು ನಿಲ್ಲಿಸುವಂಥದ್ದು.

ವೈದ್ಯೆ: ವ್ಯಾಕರಣದಲ್ಲಿ ಧಾತು ಅಂದ್ರೆ ಮಾತಿನ ಒಳಗಿನ ತಿರುಳು. ಸಂಗೀತದಲ್ಲಿ ಮಾತು ಅಲ್ಲದೇ ಇರೋದು. ಸರ್, ಪುರಂದರದಾಸರ ಪದಗಳಿಗೆ ಅವರೇ ಹಾಕಿದ ಧಾತು ಈಗ ಎಲ್ಲಿದೆ?

ಮೇಷ್ಟ್ರು: ಬಹುಪಾಲು ಕಳೆದುಹೋಗಿದೆ. ಈಗ ಹಾಡುವವರು ತಮಗೆ ತೋಚಿದ ರಾಗ ಹಾಕಿಕೊಳ್ಳುತ್ತಾರೆ. ನಮ್ಮ ತಾಯಿ ಹಾಡುತ್ತಿದ್ದ ಮಟ್ಟೇ ಬೇರೆ, ಕಛೇರಿಯಲ್ಲಿ ಕೇಳುವ ಮಟ್ಟೇ ಬೇರೆ.

ವೈದ್ಯೆ: ನೋಡಿ, ಧಾತು ಹೋಯ್ತು, ಮಾತು ಉಳೀತು. ನಾಲ್ಕೈದು ಶತಮಾನ ಆ ಪದಗಳನ್ನ ಹೊತ್ತು ತಂದಿದ್ದು ಮಾತು.

ಮೇಷ್ಟ್ರು: ಮಾತು ಉಳಿದದ್ದು ಹೇಗೆ? ಯಾವುದೋ ಒಂದು ಧಾತುವಿನಲ್ಲಿ ಯಾರೋ ಹಾಡುತ್ತಲೇ ಬಂದರು. ಒಂದು ಮಟ್ಟು ಹೋದಾಗ ಇನ್ನೊಂದು ಬಂತು. ಬರೀ ಓದಿದ್ದರೆ ಅವು ಓಲೆಗರಿಯ ಕಟ್ಟಿನಲ್ಲೇ ಇರುತ್ತಿದ್ದವು. ಧಾತು ಅಂದರೆ ಬದಲಾಗದ್ದು ಅಂತ ನಾನು ಹೇಳಲಿಲ್ಲಮ್ಮ. ‘ಗಮ್’ ‘ಗಚ್ಛ’ ಆಗುತ್ತದೆ, ರಸ ರಕ್ತವಾಗುತ್ತದೆ. ಬದಲಾಗುತ್ತಲೇ ಹೊರುತ್ತದೆ. ಬೌದ್ಧರು ಈ ವಿಷಯವನ್ನು ನಮ್ಮೆಲ್ಲರಿಗಿಂತ ದೂರ ಒಯ್ದರು. ಬುದ್ಧನ ಅಸ್ಥಿಶೇಷ ಅವರಿಗೆ ಧಾತು. ಅದನ್ನು ಇಟ್ಟ ಧಾತುಗರ್ಭವೇ ಸಿಂಹಳದಲ್ಲಿ ದಾಗೊಬ. ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದು ತೆಗೆದರಲ್ಲ, ಅಶೋಕನ ಹೆಸರು ಕೊರೆದ ಶಿಲ್ಪವಿರುವ ಸ್ತೂಪ, ಅದೂ ಆ ಪರಂಪರೆಯದೇ. ಅದೇ ಬೌದ್ಧರು ಮನುಷ್ಯನ ಅನುಭವವನ್ನು ಬಿಡಿಸಿ 18 ಧಾತು ಎಣಿಸುತ್ತಾರೆ. ಕಣ್ಣು, ಕಾಣುವ ರೂಪ, ಕಂಡ ಅರಿವು, ಹೀಗೆ ಆರು ಇಂದ್ರಿಯಕ್ಕೂ ಮೂರು ಮೂರು. ಎಲ್ಲ ಎಣಿಸಿ ಮುಗಿಸಿದರೂ ‘ನಾನು’ ಎಂಬುದು ಎಲ್ಲೂ ಸಿಕ್ಕುವುದಿಲ್ಲ ಎಂದು ತೋರಿಸಲು.

ವೈದ್ಯೆ: ಅಂದ್ರೆ ಒಂದೇ ಮತದ ಒಳಗೆ ಒಂದು ಧಾತು ಪೂಜೆಗೆ, ಇನ್ನೊಂದು ಧಾತು ಹಿಡಿತ ಬಿಡಿಸೋಕೆ. ನಮ್ಮಜ್ಜಿಯ ಬಾಯಲ್ಲಿ ಇನ್ನೊಂದಿತ್ತು. ಯಾರಾದ್ರೂ ತಟ್ಟೇಲಿ ಅನ್ನ ಬಿಟ್ರೆ ‘ಧಾತು ಈಶ್ವರದ ಬರ ಮರೆತ್ರಾ’ ಅನ್ನೋರು.

ಮೇಷ್ಟ್ರು: 1876-77 ಧಾತು ಸಂವತ್ಸರ, ಮರುವರ್ಷ ಈಶ್ವರ. ಆ ಧಾತು ಮೂಲದಲ್ಲಿ ಧಾತೃ, ಪೋಷಿಸುವವನು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು.

ವೈದ್ಯೆ: ವರ್ಷದ ಹೆಸರಿನಲ್ಲಿ ಪೋಷಿಸುವವನಿದ್ದ, ಕಣದಲ್ಲಿ ರಾಗಿ ಇರಲಿಲ್ಲ.

ಮೇಷ್ಟ್ರು: ಇದಕ್ಕೆ ನಾನು ಎದುರು ಹೇಳುವುದಿಲ್ಲ. ಸರಿ, ಧಾತು ಬೇಡ. ಅದರ ಜಾಗದಲ್ಲಿ ನೀನು ಬರೆದದ್ದು ‘ವೀರ್ಯ’. ವೀರ್ಯ ಅಂದರೆ ಪರಾಕ್ರಮ. ಆಯುರ್ವೇದದಲ್ಲಿ ಮದ್ದಿನ ಶಕ್ತಿಗೂ ವೀರ್ಯ ಅಂತಲೇ ಹೆಸರು, ಉಷ್ಣವೀರ್ಯ, ಶೀತವೀರ್ಯ. ಶಕ್ತಿ ಸೋರಿಹೋಯಿತು ಎಂದು ನಡುಗುತ್ತಿರುವವನ ಕೈಗೆ ಶಕ್ತಿ ಎಂಬರ್ಥದ ಪದವನ್ನೇ ಕೊಡುತ್ತಿದ್ದೀಯಲ್ಲ?

ವೈದ್ಯೆ: ಇದು ಯೋಚನೆ ಮಾಡಬೇಕಾದ್ದೇ. ಹಾಗಾದ್ರೆ ‘ಸೆಮೆನ್’ ಅಂತಲೇ ಬರೆದುಬಿಡೋಣ.

ಮೇಷ್ಟ್ರು: ಡಾಕ್ಟರಿಗೆ ಡಾಕ್ಟರು ಬರೆದ ಕಾಗದವಾಗುತ್ತದೆ. ಹೊಲದಿಂದ ಎದ್ದು ಬಂದವನು ಯಾವ ಪದ ಹಿಡಿದು ನಿನ್ನ ಬಾಗಿಲಿಗೆ ಬರಬೇಕು? ಗಂಡಸರ ಮಾತಾಯಿತು. ಹೆಂಗಸರು ಬರುವುದಿಲ್ಲವೇ?

ವೈದ್ಯೆ: ಬರ್ತಾರೆ. ಬಿಳಿ ಸೆರಗು ಅಂತ ಮೊದಲು ಹೆರಿಗೆ ಡಾಕ್ಟರ ಹತ್ತಿರ ಹೋಗ್ತಾರೆ. ಸೋಂಕೇನೂ ಇಲ್ಲ ಅಂದ್ಮೇಲೂ ನೋವು ಹೋಗದಿದ್ರೆ ನನ್ನ ಹತ್ತಿರ ಕಳಿಸ್ತಾರೆ. ಅವರಲ್ಲೂ ಕೆಲವರು ‘ಧಾತು ಹೋಗ್ತಿದೆ, ಮೈಯೆಲ್ಲ ಕರಗ್ತಿದೆ’ ಅಂತಾರೆ. ಕೇಳ್ತಾ ಹೋದ್ರೆ ಮೇಲಿಂದ ಮೇಲೆ ಹೆರಿಗೆ, ಬೆಳಕು ಹರಿಯೋ ಮೊದಲೇ ಏಳೋದು, ಎಲ್ಲರದ್ದೂ ಆದ್ಮೇಲೆ ಉಳಿದಿದ್ದನ್ನ ಉಣ್ಣೋದು, ಕುಡಿದು ಬರೋ ಗಂಡ. ‘ಖಿನ್ನತೆ’ ಅನ್ನೋ ಪದ ಅವರ ಬಾಯಲ್ಲಿ ಬರಲ್ಲ. ಧಾತು ಅಂದ ಕೂಡಲೇ ನಾನು ಪೆನ್ನು ಕೆಳಗಿಟ್ಟು ಕೂತ್ಕೋತೀನಿ. ಅದರ ಹಿಂದೆ ಏನೋ ಬರೋದಿದೆ ಅಂತ ಗೊತ್ತಾಗುತ್ತೆ.

ಮೇಷ್ಟ್ರು: ತನ್ನನ್ನು ಹೊತ್ತು ನಿಲ್ಲಿಸಿರುವುದು ಸವೆಯುತ್ತಿದೆ ಎನ್ನುತ್ತಿದ್ದಾಳೆ ಆಕೆ. ‘ಧಾ’ ಧಾತುವಿನ ಅರ್ಥವನ್ನು ನಾನು ತರಗತಿಯಲ್ಲಿ ಇಷ್ಟು ಚೆನ್ನಾಗಿ ಎಂದೂ ಹೇಳಿಕೊಟ್ಟಿಲ್ಲ.

ವೈದ್ಯೆ: ಅವಳ ಅನುಭವ ಸರಿ. ಅವಳು ಕೊಡೋ ಕಾರಣ ಸರಿಯಲ್ಲ. ರಕ್ತಹೀನತೆ ಇರಬಹುದು, ಖಿನ್ನತೆ ಇರಬಹುದು, ಎರಡೂ ಇರಬಹುದು, ಒಂದೊಂದಕ್ಕೂ ಬೇರೆ ಚಿಕಿತ್ಸೆ. ಮೈಯಿಂದ ಏನೋ ಸೋರ್ತಿದೆ ಅಂತಲೇ ಕೂತ್ರೆ ಯಾವುದಕ್ಕೂ ಮದ್ದಾಗಲ್ಲ. ಆ ಪದ ಕೇಳಿಸ್ಕೊಳ್ಳೋಕೆ ನನಗೆ ಬೇಕು ಸರ್. ಬರೆಯೋಕೆ ಬೇಡ.

ಮೇಷ್ಟ್ರು: ನೀನು ಬರೆಯದ ಪದವನ್ನು ಅವರು ನಿನ್ನೆದುರು ಯಾವ ಧೈರ್ಯದಲ್ಲಿ ಆಡಬೇಕು? ಕಾಗದದಲ್ಲಿ ಧಾತು ಎಂಬುದೇ ಇಲ್ಲದಿದ್ದರೆ, ಇದು ತನಗಾಗಿ ಬರೆದದ್ದು ಅಂತ ಆ ಬಾಟಲಿಯ ಹುಡುಗನಿಗೆ ಹೇಗೆ ಗೊತ್ತಾಗುತ್ತದೆ? ಮೊದಲ ಸಾಲಿನಲ್ಲೇ ಹಾಕು, ‘ಧಾತು ಹೋಗುತ್ತಿದೆ ಎಂದು ಹೆದರಿದ್ದೀರಾ?’

ವೈದ್ಯೆ: ಗೋಡೆಯ ಮೇಲಿರೋ ಸಾಲೂ ಹೆಚ್ಚುಕಡಿಮೆ ಅದೇ.

ಮೇಷ್ಟ್ರು: ಇರಲಿ. ಆ ಸಾಲು ಕಂಡೇ ಅವನು ಅಲ್ಲಿ ನಿಂತದ್ದು. ಇಲ್ಲೂ ನಿಲ್ಲುತ್ತಾನೆ. ಎರಡನೆಯ ಸಾಲು ಬೇರೆಯಾಗಿದ್ದರೆ ಸಾಕು.

ವೈದ್ಯೆ: ಎರಡನೇ ಸಾಲಿಗೆ ಹೋಗದವರು? ಆಸ್ಪತ್ರೆಯ ಮೊಹರು ಇರೋ ಕಾಗದದಲ್ಲಿ ‘ಧಾತು’ ಅಂತ ಕಂಡು, ಸರ್ಕಾರದವರೇ ಒಪ್ಪಿದ್ದಾರೆ ಅಂತ ಮಡಚಿ ಜೇಬಿಗಿಟ್ಕೊಂಡು ಗೋಡೆಯವನ ಹತ್ತಿರವೇ ಹೋಗೋರು?

ಮೇಷ್ಟ್ರು: ಅವರೂ ಇರುತ್ತಾರೆ. ಪದ ಕಾಣದೆ ನಿನ್ನ ಕಾಗದವನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಹೋಗುವವರೂ ಇರುತ್ತಾರೆ. ಯಾರು ಹೆಚ್ಚು ಅಂತ ನಿನಗೆ ಗೊತ್ತೇ?

ವೈದ್ಯೆ: ಗೊತ್ತಿಲ್ಲ. ಆ ಎರಡನೇ ಸಾಲು ಏನಂತ ಬರೀತೀರಿ, ಅದನ್ನ ಹೇಳಿ.

ಮೇಷ್ಟ್ರು: ‘ನಿಮ್ಮ ಸುಸ್ತು ನಿಜ. ಅದಕ್ಕೆ ಕಾರಣ ಬೇರೆ ಇದೆ, ಚಿಕಿತ್ಸೆಯೂ ಇದೆ. ಒಬ್ಬರೇ ಬನ್ನಿ, ಇಲ್ಲವೇ ನಂಬುವವರೊಬ್ಬರನ್ನು ಕರೆದುಕೊಂಡು ಬನ್ನಿ.’

ವೈದ್ಯೆ: ಇದನ್ನ ಹೀಗೇ ಬರ್ಕೋತೀನಿ, ಒಂದಕ್ಷರ ಬದಲಾಯಿಸಲ್ಲ. ಆದ್ರೆ ಇದರಲ್ಲಿ ಧಾತು ಇಲ್ಲ ಸರ್.

ಮೇಷ್ಟ್ರು: ಮೇಲಿನ ಸಾಲಿನಲ್ಲಿದೆ.

ವೈದ್ಯೆ: ಮೇಲಿನ ಸಾಲನ್ನ ನಾನಿನ್ನೂ ಒಪ್ಪಿಲ್ಲ.